ಹಳಿ ಇದೆ, ತಂತಿ ಇದೆ. ನಮ್ಮ ಹೊತ್ತಿಗೊಂದು ಗಾಡಿ ಕೊಡಿ

ಇವರಿಗೆ,
ಅಧ್ಯಕ್ಷರು ಮತ್ತು ವ್ಯವಸ್ಥಾಪಕ ನಿರ್ದೇಶಕರು, ಕೊಂಕಣ ರೈಲ್ವೆ ನಿಗಮ, ಬೇಲಾಪುರ, ನವಿ ಮುಂಬಯಿ;
ಪ್ರಾದೇಶಿಕ ರೈಲ್ವೆ ವ್ಯವಸ್ಥಾಪಕರು, ಕಾರವಾರ;
ಹಾಗೂ ಕರ್ನಾಟಕ ಸರ್ಕಾರದ ಮೂಲಸೌಲಭ್ಯ ಅಭಿವೃದ್ಧಿ ಇಲಾಖೆಯ ಹೊಣೆ ಹೊತ್ತವರು.

ವಿಷಯ: ಭಟ್ಕಳ ಮತ್ತು ಕಾರವಾರದ ನಡುವೆ ದಿನನಿತ್ಯದ ಓಡಾಟಕ್ಕೆ ಉಪನಗರ ಮಾದರಿಯ ರೈಲು ಸೇವೆಯನ್ನು ಆರಂಭಿಸುವ ಕುರಿತು.

ಮಾನ್ಯರೇ,

2022ರ ಜೂನ್ 20ರಂದು ಪ್ರಧಾನಿಯವರು ಬೆಂಗಳೂರಿಗೆ ಬಂದಾಗ ಒಂದೇ ದಿನ ಎರಡು ರೈಲು ಕೆಲಸಗಳು ನಡೆದವು. ಒಂದು, ಬೆಂಗಳೂರು ಉಪನಗರ ರೈಲು ಯೋಜನೆಯ ಶಂಕುಸ್ಥಾಪನೆ. ಇನ್ನೊಂದು, ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗಿನ ಸುಮಾರು 740 ಕಿ.ಮೀ. ಕೊಂಕಣ ರೈಲು ಮಾರ್ಗದ ಸಂಪೂರ್ಣ ವಿದ್ಯುದೀಕರಣದ ಲೋಕಾರ್ಪಣೆ. ಮರುದಿನ ಪತ್ರಿಕೆ ಓದಿದವರಲ್ಲಿ ಹೆಚ್ಚಿನವರು ಇವೆರಡನ್ನೂ ಬೇರೆ ಬೇರೆ ಸುದ್ದಿಯಾಗಿಯೇ ಓದಿರಬೇಕು. ನನಗೆ ಮಾತ್ರ ಅವೆರಡೂ ಒಂದೇ ಸುದ್ದಿಯ ಎರಡು ತುಂಡುಗಳಂತೆ ಕಂಡವು. ಏಕೆಂದರೆ ಬೆಂಗಳೂರಿನವರು 15,767 ಕೋಟಿ ರೂಪಾಯಿ ಅಂದಾಜಿನಲ್ಲಿ ಹೊಸದಾಗಿ ಕಟ್ಟಿಕೊಳ್ಳಲು ಹೊರಟಿರುವ ವಸ್ತುವಿನ ಮುಕ್ಕಾಲು ಪಾಲು, ಅಂದರೆ ಹಳಿ, ಸೇತುವೆ, ಸುರಂಗ, ನಿಲ್ದಾಣ, ಮೇಲಿನ ತಂತಿ ಎಲ್ಲವೂ, ಉತ್ತರ ಕನ್ನಡದ ಕರಾವಳಿಯಲ್ಲಿ ಆಗಲೇ ಸಿದ್ಧವಾಗಿ ನಿಂತಿದೆ. ಇಲ್ಲದಿರುವುದು ಈ ಊರುಗಳ ಜನ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಮರಳಲೆಂದೇ ಹಾಕಿದ ವೇಳಾಪಟ್ಟಿ.

ನಾನು ಕುಮಟಾದವನು. ಕಾರವಾರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾಗಿದ್ದೇನೆ. ಮನೆಯಲ್ಲಿ ವಯಸ್ಸಾದ ತಾಯಿ, ಸಣ್ಣ ತೋಟ, ಎರಡು ಎಮ್ಮೆ ಇದ್ದುದರಿಂದ ಕಾರವಾರದಲ್ಲಿ ಬಾಡಿಗೆ ಮನೆ ಮಾಡುವುದು ಆಗಲಿಲ್ಲ. ರಸ್ತೆಯಲ್ಲಿ ಹೋಗಲು ಸುಮಾರು 70 ಕಿ.ಮೀ., ಬರಲು ಅಷ್ಟೇ. ನಸುಕಿನಲ್ಲಿ ಎದ್ದು, ಬುತ್ತಿ ಕಟ್ಟಿಸಿಕೊಂಡು, ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಅಂಕೋಲೆಯವರೆಗೆ ಟೆಂಪೋ ಹಿಡಿದು ಅಲ್ಲಿಂದ ಮುಂದೆ ಇನ್ನೊಂದು ವಾಹನ. ಸೇವೆಯ ಕೊನೆಯ ವರ್ಷಗಳಲ್ಲಿ ಬೆನ್ನುನೋವು ಬಂದಿತು. ವೈದ್ಯರು ಕೂತು ಕೆಲಸ ಮಾಡುವವರಿಗೆ ಬರುವ ನೋವು ಎಂದರು, ನಾನು ನಿಂತು ಪ್ರಯಾಣ ಮಾಡಿದವರಿಗೆ ಬರುವ ನೋವು ಎಂದು ಮನಸ್ಸಿನಲ್ಲೇ ತಿದ್ದಿಕೊಂಡೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಇಂದಿಗೂ ಹೀಗೆ ಓಡಾಡುವ ನೌಕರರು, ಕಾಲೇಜು ಮಕ್ಕಳು, ಕೋರ್ಟಿಗೆ ಅಲೆಯುವ ಕಕ್ಷಿದಾರರು ಈ ದಾರಿಯುದ್ದಕ್ಕೂ ಇದ್ದಾರೆ ಎಂಬುದನ್ನು ಕಣ್ಣಾರೆ ಕಂಡವನ ಮಾತೆಂದು ತಾವು ತಿಳಿಯಬೇಕು.

‘ಉಪನಗರ’ ಎಂಬ ಪದವನ್ನು ಕೇಳಿದೊಡನೆ ದೊಡ್ಡ ಪಟ್ಟಣವೊಂದರ ಸುತ್ತ ಹಬ್ಬಿದ ಬಡಾವಣೆಗಳು ಕಣ್ಣಮುಂದೆ ಬರುತ್ತವೆ, ಆದ್ದರಿಂದ ಕಾರವಾರದಂಥ ಊರಿಗೆ ಉಪನಗರ ರೈಲು ಏಕೆ ಎಂದು ತಮ್ಮ ಕಚೇರಿಯಲ್ಲಿ ಯಾರಾದರೂ ನಕ್ಕರೆ ನಾನು ಬೇಸರಪಡುವುದಿಲ್ಲ. ಆದರೆ ನಮ್ಮ ಜಿಲ್ಲೆಯ ಆಕಾರವನ್ನು ಒಮ್ಮೆ ನೋಡಿ. ಜಿಲ್ಲಾ ಕೇಂದ್ರವು ಗೋವೆಯ ಗಡಿಗೆ ತಾಗಿಕೊಂಡಂತೆ ಉತ್ತರದ ತುದಿಯಲ್ಲಿದೆ. ಭಟ್ಕಳ 120 ಕಿ.ಮೀ.ಗೂ ಹೆಚ್ಚು ದೂರದಲ್ಲಿ ದಕ್ಷಿಣದ ತುದಿಯಲ್ಲಿದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಅಗಲಕ್ಕೆ ಬೆಳೆಯಲು ಜಾಗವಿಲ್ಲದ್ದರಿಂದ ಇಲ್ಲಿನ ವಸತಿಯೆಲ್ಲ ಉದ್ದಕ್ಕೆ, ಮಾಲೆ ಪೋಣಿಸಿದಂತೆ ಬೆಳೆದಿದೆ. ಅಸ್ನೋಟಿ, ಕಾರವಾರ, ಹಾರವಾಡ, ಅಂಕೋಲಾ, ಗೋಕರ್ಣ ರೋಡ್, ಮಿರ್ಜಾನ್, ಕುಮಟಾ, ಹೊನ್ನಾವರ, ಮಂಕಿ, ಮುರ್ಡೇಶ್ವರ, ಚಿತ್ರಾಪುರ, ಭಟ್ಕಳ ಎಂದು ನಿಲ್ದಾಣಗಳ ಹೆಸರನ್ನು ಓದಿಕೊಂಡು ಹೋದರೆ ಕರಾವಳಿಯ ಬದುಕನ್ನೇ ಓದಿಕೊಂಡು ಹೋದಂತಾಗುತ್ತದೆ. ಬೆಂಗಳೂರಿನ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕೂ ಮಾರ್ಗಗಳನ್ನು ಕೂಡಿಸಿದರೆ 148 ಕಿ.ಮೀ. ಆಗುತ್ತದೆ, ನಮ್ಮ ಜಿಲ್ಲೆಯ ಕರಾವಳಿ ಹೆಚ್ಚುಕಡಿಮೆ ಅಷ್ಟೇ ಉದ್ದ. ಜನಸಂಖ್ಯೆಯಲ್ಲಿ ಹೋಲಿಕೆ ಇಲ್ಲವೆಂಬುದನ್ನು ಒಪ್ಪುತ್ತೇನೆ. ಅದಕ್ಕಾಗಿಯೇ ನಾನು ಐದು ನಿಮಿಷಕ್ಕೊಂದು ಗಾಡಿಯನ್ನು ಕೇಳುತ್ತಿಲ್ಲ.

ಈಗಿರುವ ಗಾಡಿಗಳ ಬಗ್ಗೆ ಹೇಳಬೇಕು. 1998ರ ಜನವರಿ 26ರಂದು ಮಾರ್ಗವೆಲ್ಲ ತೆರೆದುಕೊಂಡಾಗ ನಮ್ಮ ಕಡೆಯವರಿಗೆ ಮುಂಬಯಿ ಹತ್ತಿರವಾಯಿತು. ಮತ್ಸ್ಯಗಂಧಾ ಗಾಡಿಯ ಹೆಸರು ಇಲ್ಲಿ ಮನೆಮಾತಾಗಿದೆ. ಪಂಚಗಂಗಾ ಗಾಡಿ ಬೆಂಗಳೂರನ್ನು ಒಂದು ರಾತ್ರಿಯ ನಿದ್ದೆಯಷ್ಟು ದೂರಕ್ಕೆ ತಂದಿದೆ. ಮಂಗಳೂರು ಮತ್ತು ಮಡಗಾಂವ ನಡುವೆ 2023ರ ಡಿಸೆಂಬರ್ ಕೊನೆಯಲ್ಲಿ ವಂದೇ ಭಾರತ್ ಕೂಡ ಬಂದಿತು. ದೂರದ ಊರುಗಳು ಹೀಗೆ ಒಂದೊಂದಾಗಿ ಹತ್ತಿರವಾಗುತ್ತ ಬಂದರೂ ಹೊನ್ನಾವರಕ್ಕೆ ಕಾರವಾರ ಮಾತ್ರ ಇದ್ದಷ್ಟೇ ದೂರದಲ್ಲಿ ಉಳಿದಿದೆ. ಎಲ್ಲ ನಿಲ್ದಾಣಗಳಲ್ಲಿ ನಿಂತು ಹೋಗುವ ಗಾಡಿಗಳು ಇಲ್ಲವೆಂದಲ್ಲ. ಮಂಗಳೂರು–ಮಡಗಾಂವ ನಡುವೆ ಅವು ಓಡುತ್ತವೆ, ಕಾರವಾರದಿಂದ ಗೋವೆಯ ಒಳಗೂ ಹೋಗುತ್ತವೆ. ಆದರೆ ಆ ವೇಳಾಪಟ್ಟಿಯನ್ನು ತುದಿಯ ಊರುಗಳ ಹೊತ್ತು ನೋಡಿ ಬರೆದಿದ್ದಾರೆ. ನಡುವಿನವರಾದ ನಮಗೆ ಗಾಡಿ ಬಂದದ್ದೇ ಹೊತ್ತು. ಸರ್ಕಾರಿ ಕಚೇರಿ ಬೆಳಿಗ್ಗೆ ಹತ್ತಕ್ಕೆ ತೆರೆದು ಸಂಜೆ ಐದೂವರೆಗೆ ಮುಚ್ಚುತ್ತದೆ. ಹತ್ತು ಗಂಟೆ ದಾಟಿದ ಮೇಲೆ ಕಾರವಾರ ಮುಟ್ಟುವ ಗಾಡಿ ನೌಕರನ ಪಾಲಿಗೆ ಅರ್ಧ ದಿನದ ರಜೆಯ ಅರ್ಜಿಯೇ ಸರಿ.

ತಮ್ಮ ಕೇಂದ್ರ ಕಚೇರಿ ಇರುವುದು ಬೇಲಾಪುರದಲ್ಲಿ, ಮುಂಬಯಿಯ ಹಾರ್ಬರ್ ಲೋಕಲ್ ಹಾದುಹೋಗುವ ಜಾಗದಲ್ಲಿ. ಈ ದೇಶದ ಮೊದಲ ವಿದ್ಯುತ್ ಗಾಡಿ ಓಡಿದ್ದು ಅದೇ ಹಾರ್ಬರ್ ಮಾರ್ಗದಲ್ಲಿ, ಅಂದಿನ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ, 1925ರ ಫೆಬ್ರವರಿ 3ರಂದು. ತಮ್ಮ ಸಿಬ್ಬಂದಿಯಲ್ಲಿ ಎಷ್ಟೋ ಜನ ದಿನವೂ ಲೋಕಲಿನಲ್ಲೇ ಕಚೇರಿಗೆ ಬರುತ್ತಿರಬೇಕು. ಹೊತ್ತಿಗೆ ಸರಿಯಾಗಿ ಬರುವ ಗಾಡಿ ಒಂದು ಸಂಸಾರದ ದಿನಚರಿಯನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಅವರಿಗೆ ನಾನು ವಿವರಿಸಬೇಕಾಗಿಲ್ಲ. ನಮ್ಮ ಹೋಟೆಲು ಕೆಲಸದವರು, ಗಿರಣಿ ಕೆಲಸದವರು ತಲೆಮಾರುಗಳ ಹಿಂದೆಯೇ ಮುಂಬಯಿಗೆ ಹೋಗಿ ಲೋಕಲ್ ಎಂದರೇನೆಂದು ಕಲಿತು ಬಂದಿದ್ದಾರೆ. ಊರಿಗೆ ಬಂದ ಮೇಲೆ ಕೈಗಡಿಯಾರ ಬಿಚ್ಚಿಟ್ಟು ರಸ್ತೆಯಲ್ಲಿ ಕೈ ಅಡ್ಡ ಹಿಡಿಯುತ್ತ ನಿಲ್ಲುತ್ತಾರೆ.

ಈಗ ಗಾಡಿಯ ಮಾತಿಗೆ ಬರುತ್ತೇನೆ. ಮೆಮು ಎಂದು ಕರೆಯುವ ವಿದ್ಯುತ್ ಗಾಡಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಎಂಜಿನ್ ಕಟ್ಟಿದ ಗಾಡಿಯಲ್ಲಿ ಎಳೆಯುವ ಬಲವೆಲ್ಲ ಮುಂದಿನ ಒಂದು ಎಂಜಿನ್ನಿನಲ್ಲಿ ಇರುತ್ತದೆ. ಮೆಮುವಿನಲ್ಲಿ ಮೋಟಾರುಗಳು ಗಾಡಿಯ ಉದ್ದಕ್ಕೂ ಹಂಚಿಕೊಂಡಿರುತ್ತವೆ. ಹೀಗಾಗಿ ಅದು ನಿಂತಲ್ಲಿಂದ ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ಹತ್ತು ಹದಿನೈದು ಕಿ.ಮೀ.ಗೊಮ್ಮೆ ನಿಲ್ಲಬೇಕಾದ ನಮ್ಮಂಥ ದಾರಿಯಲ್ಲಿ ಪ್ರತಿ ನಿಲುಗಡೆಯಲ್ಲೂ ಹೀಗೆ ಉಳಿಯುವ ಒಂದೆರಡು ನಿಮಿಷ ಕೊನೆಗೆ ದೊಡ್ಡ ಮೊತ್ತವಾಗುತ್ತದೆ. ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವುದರಿಂದ ಭಟ್ಕಳದಲ್ಲೋ ಕಾರವಾರದಲ್ಲೋ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸುವ ಕೆಲಸವಿಲ್ಲ; ಚಾಲಕ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದು ಹೋದರೆ ಗಾಡಿ ತಿರುಗಿದಂತೆಯೇ. ಇದು ತಮ್ಮ ಮಾರ್ಗಕ್ಕೆ ಹೊಸದೂ ಅಲ್ಲ. ಗಣೇಶ ಚೌತಿಯ ದಟ್ಟಣೆಗೆ ಚಿಪಳೂಣದವರೆಗೆ ತಾವು ಮೆಮು ವಿಶೇಷ ಗಾಡಿಗಳನ್ನು ಓಡಿಸಿದ್ದೀರಿ. ಚೌತಿಗೆ ಆಗುವುದು ಸೋಮವಾರಕ್ಕೂ ಆಗಲಿ ಎಂಬುದಷ್ಟೇ ನಮ್ಮ ಕೋರಿಕೆ.

ಇದಕ್ಕೆ ತಾವು ಕೊಡಬಹುದಾದ ಉತ್ತರ ನನಗೆ ಗೊತ್ತಿದೆ: ಮಾರ್ಗ ಏಕಪಥ. ಎದುರುಬದುರಾಗಿ ಬರುವ ಗಾಡಿಗಳು ನಿಲ್ದಾಣದಲ್ಲೇ ಒಂದನ್ನೊಂದು ದಾಟಬೇಕು, ದೂರದ ಗಾಡಿಗೆ ದಾರಿ ಬಿಡಲು ಊರಿನ ಗಾಡಿ ಬದಿಯ ಹಳಿಯಲ್ಲಿ ಕಾಯಬೇಕು. ‘ಕ್ರಾಸಿಂಗಿಗೆ ನಿಂತಿದೆ’ ಎಂಬ ಮಾತನ್ನು ಕೇಳದ ಕರಾವಳಿಗನಿಲ್ಲ. ಇಡೀ ಕೊಂಕಣ ಮಾರ್ಗದಲ್ಲಿ ಇದುವರೆಗೆ ದ್ವಿಪಥವಾಗಿರುವುದು ರೋಹಾದಿಂದ ವೀರ್‌ವರೆಗಿನ ಸುಮಾರು 47 ಕಿ.ಮೀ. ಮಾತ್ರ, ಅದೂ 2021ರಲ್ಲಿ. ಶರಾವತಿಯ ಮೇಲಿನ ಸೇತುವೆಯೇ ಎರಡು ಕಿ.ಮೀ.ಗೂ ಮಿಕ್ಕಿ ಉದ್ದವಿದೆ, ಇಡೀ ಮಾರ್ಗದಲ್ಲಿ ಅದಕ್ಕಿಂತ ಉದ್ದದ ಸೇತುವೆ ಇಲ್ಲ. ಅಂಥದ್ದರ ಪಕ್ಕದಲ್ಲಿ ಇನ್ನೊಂದನ್ನು ಕಟ್ಟುವುದು ನಾಳೆಯ ಮಾತಲ್ಲವೆಂದು ನನಗೂ ಅರ್ಥವಾಗುತ್ತದೆ. ಆದರೆ ಏಕಪಥದ ಇಕ್ಕಟ್ಟನ್ನು ಸಡಿಲಿಸಲು ತಾವೇ ಒಂದು ದಾರಿ ಹಿಡಿದಿದ್ದೀರಿ. ಮಿರ್ಜಾನನ್ನು ಕ್ರಾಸಿಂಗ್ ನಿಲ್ದಾಣವನ್ನಾಗಿ ಮಾಡಿದ್ದು ಅದಕ್ಕಾಗಿಯೇ. ಅದರಿಂದಾಗಿ ಸಿಕ್ಕಿದ ಸಾಮರ್ಥ್ಯ ಯಾರಿಗೆ ಹೋಯಿತು ಎಂದು ಕೇಳುವ ಹಕ್ಕು ಮಿರ್ಜಾನಿನವರಿಗೆ ಇದೆಯೆಂದು ಭಾವಿಸುತ್ತೇನೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಭಟ್ಕಳ–ಕಾರವಾರ ತುಣುಕಿನಲ್ಲಿ ಊರಿನ ಗಾಡಿಗೆ ಆದ್ಯತೆ ಕೊಟ್ಟು ಸರಕು ಗಾಡಿಗಳನ್ನು ಸ್ವಲ್ಪ ಹಿಂದೆ ಮುಂದೆ ಮಾಡಲು ಸಾಧ್ಯವೇ ಎಂಬುದನ್ನಾದರೂ ಪರಿಶೀಲಿಸಿ. ಲಾರಿಗಳನ್ನು ಗಾಡಿಯ ಮೇಲೇರಿಸಿ ಕೋಲಾಡದಿಂದ ಸುರತ್ಕಲ್ಲಿಗೆ ಸಾಗಿಸುವ ರೋ-ರೋ ಸೇವೆಯನ್ನು ನಾನು ಮೆಚ್ಚುತ್ತೇನೆ. ಆದರೂ ಮಳೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಮೂವತ್ತು ನಲವತ್ತು ಲಾರಿಗಳು ಆರಾಮಾಗಿ ರೈಲಿನಲ್ಲಿ ಕೂತು ಹೋಗುವುದನ್ನು ಕಂಡರೆ, ನಾವೂ ಆರು ಗಾಲಿಯವರಾಗಿ ಹುಟ್ಟಬಾರದಿತ್ತೇ ಎನಿಸುವುದುಂಟು.

ರಸ್ತೆ ಇದೆಯಲ್ಲ, ಚತುಷ್ಪಥವಾಗುತ್ತಿದೆಯಲ್ಲ ಎನ್ನುವವರಿಗೆ 2024ರ ಮಳೆಗಾಲವನ್ನು ನೆನಪಿಸಬೇಕು. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದು, ಚಹಾದಂಗಡಿಯ ಸಂಸಾರ, ಲಾರಿ ಚಾಲಕರು ಮಣ್ಣು ಮತ್ತು ಗಂಗಾವಳಿಯ ಪಾಲಾದರು. ಹೆದ್ದಾರಿ ಎಷ್ಟೋ ದಿನ ಮುಚ್ಚಿತು. ಮೂರು ವಾರ ಕಳೆದು, ಆಗಸ್ಟ್ 7ರ ನಡುರಾತ್ರಿ ಕಾರವಾರದ ಹತ್ತಿರ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಚಾಲಕ ಬದುಕುಳಿದದ್ದು ಪುಣ್ಯ. ಆ ಸೇತುವೆ ಬರುವ ಮುಂಚೆ ಕೋಡಿಬಾಗದಲ್ಲಿ ಹೊಳೆ ದಾಟಲು ಕಾಯುತ್ತಿದ್ದವರ ಕಥೆಗಳನ್ನು ನನ್ನ ಹಿರಿಯ ಸಹೋದ್ಯೋಗಿಗಳು ಹೇಳುತ್ತಿದ್ದರು, ಅದೇ ದಿನಗಳು ಮರಳಿದವೇನೋ ಎಂದು ಆ ವಾರ ಎಲ್ಲರೂ ಅಂದುಕೊಂಡರು. ರೈಲು ಮಾರ್ಗವೂ ಮಳೆಗೆ ಅಂಜಬೇಕಾದದ್ದೇ. ಅದೇ ಜುಲೈನಲ್ಲಿ ಗೋವೆಯ ಪೆರ್ನೆಮ್ ಸುರಂಗದೊಳಗೆ ನೀರು ಉಕ್ಕಿ ಗಾಡಿಗಳು ನಿಂತಿದ್ದವು, ಮಳೆಗಾಲದಲ್ಲಿ ವೇಗ ತಗ್ಗಿಸಿದ ಬೇರೆ ವೇಳಾಪಟ್ಟಿಯನ್ನೇ ತಾವು ಪಾಲಿಸುತ್ತೀರಿ, ರಾತ್ರಿಯಿಡೀ ಹಳಿಯುದ್ದಕ್ಕೂ ದೀಪ ಹಿಡಿದು ನಡೆಯುವ ಗಸ್ತಿನವರ ಶ್ರಮವನ್ನು ನಾವು ಬಲ್ಲೆವು. ಆದ್ದರಿಂದ ರೈಲು ರಸ್ತೆಗಿಂತ ಅಜೇಯವೆಂದು ನಾನು ವಾದಿಸುವುದಿಲ್ಲ. ಒಂದು ದಾರಿ ಮುರಿದಾಗ ಇನ್ನೊಂದು ದಾರಿ ಜನರ ಅಭ್ಯಾಸದಲ್ಲಿ ಇರಬೇಕು ಎಂಬುದು ನನ್ನ ವಾದ. ರಸ್ತೆ ಮುಚ್ಚಿದ ಮೇಲೆ ಅವಸರದಲ್ಲಿ ಒಂದು ವಿಶೇಷ ಗಾಡಿಯನ್ನು ಬಿಟ್ಟರೆ, ಅದು ಎಷ್ಟಕ್ಕೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಹಾರವಾಡದ ಮುದುಕಿಗೆ ತಿಳಿಯುವಷ್ಟರಲ್ಲಿ ರಸ್ತೆಯೇ ತೆರೆದಿರುತ್ತದೆ.

ಇನ್ನೊಂದು ಮಾತನ್ನು ಹೇಳುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ. ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಎಷ್ಟು ಹಳೆಯದೆಂದು ರಾಜ್ಯಕ್ಕೆಲ್ಲ ಗೊತ್ತು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಬಳಿಯ ಶಿರೂರು ಟೋಲ್‌ನಲ್ಲಿ ಪಲ್ಟಿಯಾದ ದೃಶ್ಯವನ್ನು ಮರೆತವರಿಲ್ಲ. ಆಂಬುಲೆನ್ಸಿನ ಕೆಲಸವನ್ನು ರೈಲು ಮಾಡದು. ಆದರೆ ಡಯಾಲಿಸಿಸ್‌ಗೆ, ಕ್ಯಾನ್ಸರಿನ ಚಿಕಿತ್ಸೆಗೆ, ಹೃದಯದ ತಪಾಸಣೆಗೆ ಮಣಿಪಾಲಕ್ಕೋ ಮಂಗಳೂರಿಗೋ ಗೋವೆಯ ಬಾಂಬೋಳಿಗೋ ಪದೇ ಪದೇ ಹೋಗಿಬರುವವರು ತುರ್ತಿನವರಲ್ಲ, ನಿತ್ಯದವರು. ಅವರಿಗೆ ಬೇಕಾದದ್ದು ಕುಲುಕಾಟವಿಲ್ಲದ ಆಸನ, ಗಾಡಿಯಲ್ಲೇ ಒಂದು ಶೌಚಾಲಯ ಮತ್ತು ಸಂಜೆ ಮನೆಗೆ ಮರಳುತ್ತೇವೆಂಬ ಖಾತರಿ. ಆಸ್ಪತ್ರೆ ಬರುವವರೆಗೂ ಇದಾದರೂ ಇರಲಿ. ಬಂದ ಮೇಲೆಯೂ ಭಟ್ಕಳದವರು ಅಲ್ಲಿಗೆ ಹೇಗಾದರೂ ತಲುಪಬೇಕಷ್ಟೆ.

ಡಬ್ಬಿಗಳ ಬಗ್ಗೆ ಒಂದು ಸಣ್ಣ ಸೂಚನೆ ಇದೆ. ಮುಂಬಯಿಯ ಲೋಕಲಿನಲ್ಲಿ ಮಾರಾಟದ ಸಾಮಾನು ಹೊತ್ತವರಿಗೆಂದೇ ಪ್ರತ್ಯೇಕ ಡಬ್ಬಿ ಇರುತ್ತದೆ. ನಮ್ಮಲ್ಲಿ ಅದು ಇನ್ನೂ ಹೆಚ್ಚು ಅಗತ್ಯ. ಮೀನಿನ ಬುಟ್ಟಿ ಹೊತ್ತ ಹೆಂಗಸರನ್ನು ಬಸ್ಸಿನ ಕಂಡಕ್ಟರು ಹತ್ತಿಸಿಕೊಳ್ಳಲು ಗೊಣಗುತ್ತಾನೆ, ಉಳಿದ ಪ್ರಯಾಣಿಕರು ಮೂಗು ಮುಚ್ಚುತ್ತಾರೆ, ಸಂಜೆ ಮಾತ್ರ ಅದೇ ಮೀನು ಅವರ ತಾಟಿನಲ್ಲಿ ಇರಬೇಕು. ಅಂಕೋಲೆಯ ಕಡೆಯಿಂದ ತರಕಾರಿ, ಸೊಪ್ಪಿನ ಗಂಟು ಹೊತ್ತು ಕಾರವಾರದ ರವಿವಾರದ ಸಂತೆಗೆ ಹೋಗುವ ಹಾಲಕ್ಕಿ ಹೆಂಗಸರ ಪಾಡೂ ಇದೇ. ಆಸನಗಳನ್ನು ತೆಗೆದ, ನೀರು ಹರಿದು ಹೋಗುವಂಥ ನೆಲವಿರುವ ಅರ್ಧ ಡಬ್ಬಿ ಸಾಕು.

ದರದ ವಿಷಯ ಸೂಕ್ಷ್ಮವಾದದ್ದು. ಕಟ್ಟಿದ ಖರ್ಚನ್ನು ತುಂಬಿಕೊಳ್ಳಲು ಕೊಂಕಣ ಮಾರ್ಗದಲ್ಲಿ ನಿಜವಾದ ದೂರಕ್ಕಿಂತ ಹೆಚ್ಚಿನ ದೂರವನ್ನು ಲೆಕ್ಕ ಹಿಡಿದು ಟಿಕೆಟ್ ದರ ವಿಧಿಸುವ ಪದ್ಧತಿ ಬಂದಿದೆ. ದಿನವೂ ಓಡಾಡುವವರಿಗೆ ಅದು ಅನ್ವಯವಾಗಬಾರದು. ರೈಲ್ವೆಯ ಮಾಸಿಕ ಪಾಸು 150 ಕಿ.ಮೀ. ದೂರದವರೆಗೆ ಸಿಗುತ್ತದೆ, ಭಟ್ಕಳ–ಕಾರವಾರ ಆ ಮಿತಿಯೊಳಗೇ ಇದೆ. ಪಾಸು ಇದ್ದರೂ ಅದನ್ನು ಬಳಸಲು ಹೊತ್ತಿಗೆ ಗಾಡಿ ಇಲ್ಲದಿರುವುದೇ ತೊಂದರೆ. ರಾಜ್ಯ ಸರ್ಕಾರಕ್ಕೂ ಇಲ್ಲಿ ಒಂದು ಮಾತಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಓಡಾಡುತ್ತಿದ್ದಾರೆ. ಬಹಳ ಒಳ್ಳೆಯ ಕೆಲಸವೇ. ಆದರೆ ಅದರ ಪರಿಣಾಮವಾಗಿ ಬಸ್ಸಿನಲ್ಲಿ ಜಾಗವಿಲ್ಲದಿದ್ದರೂ ರೈಲು ಹತ್ತಲು ಬಡ ಹೆಂಗಸು ಹಿಂದೆಮುಂದೆ ನೋಡುತ್ತಾಳೆ. ಬಸ್ಸಿನ ಸಂಸ್ಥೆಗೆ ತುಂಬಿಕೊಡುವ ಹಣದಲ್ಲಿ ಒಂದು ಚೂರನ್ನು ಕರಾವಳಿಯ ವಿದ್ಯಾರ್ಥಿನಿಯರ ಮಾಸಿಕ ರೈಲು ಪಾಸಿಗೆ ಕೊಟ್ಟರೆ ಬೊಕ್ಕಸಕ್ಕೆ ಹೊಸ ಭಾರವೇನೂ ಆಗದೆಂದು ನನ್ನ ಗುಮಾಸ್ತ ಬುದ್ಧಿ ಹೇಳುತ್ತದೆ.

ನಿಲ್ದಾಣಗಳು ಊರಿನಿಂದ ದೂರ ಇರುವುದು ಈ ಯೋಜನೆಯ ನಿಜವಾದ ದೌರ್ಬಲ್ಯ, ಅದನ್ನು ಮುಚ್ಚಿಡುವುದಿಲ್ಲ. ಕಾರವಾರದ ನಿಲ್ದಾಣ ಶಿರವಾಡದಲ್ಲಿದೆ; ಗೋಕರ್ಣ ರೋಡ್ ಹೆಸರೇ ಹೇಳುವಂತೆ ಗೋಕರ್ಣಕ್ಕೆ ಹೋಗುವ ದಾರಿಯಷ್ಟೇ, ಇರುವುದು ಮಾದನಗೇರಿಯ ಬಳಿ. ರೈಲಿನ ಟಿಕೆಟ್ಟಿಗಿಂತ ಶಿರವಾಡದಿಂದ ಕಚೇರಿಗೆ ಹೋಗುವ ಆಟೋದ ಬಾಡಿಗೆಯೇ ಹೆಚ್ಚಾದರೆ ಯಾರೂ ರೈಲು ಹತ್ತುವುದಿಲ್ಲ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ಬಸ್ಸೊಂದು ಗಾಡಿಯ ಹೊತ್ತಿಗೆ ನಿಲ್ದಾಣದ ಬಾಗಿಲಲ್ಲಿ ನಿಂತಿರಬೇಕು, ಗಾಡಿ ಹತ್ತು ನಿಮಿಷ ತಡವಾದರೆ ಬಸ್ಸೂ ಹತ್ತು ನಿಮಿಷ ಕಾಯಬೇಕು. ಎರಡು ಇಲಾಖೆಗಳು ಫೋನಿನಲ್ಲಿ ಮಾತಾಡಿಕೊಂಡರೆ ಮುಗಿಯುವ ಈ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದೆಂದು ನನಗೆ ಅನುಭವದಿಂದ ಗೊತ್ತು. ಹಾಗೆಯೇ ಕುಮಟಾ ನಿಲ್ದಾಣದ ಎದುರು ಶಿರಸಿಯ ಬಸ್ಸು ನಿಲ್ಲುವಂತಾದರೆ, ರೈಲಿನ ಮುಖವನ್ನೇ ಕಾಣದ ಘಟ್ಟದ ಮೇಲಿನವರೂ ದೇವಿಮನೆ ಘಟ್ಟ ಇಳಿದು ಜಿಲ್ಲಾ ಕೇಂದ್ರಕ್ಕೆ ಗಾಡಿಯಲ್ಲಿ ಹೋಗಬಹುದು.

ನಿಗಮವನ್ನು ಕಟ್ಟಿದಾಗ ಕರ್ನಾಟಕದ ಪಾಲು ಶೇ 15 ಇತ್ತು. ಮಹಾರಾಷ್ಟ್ರದ್ದು 22, ಗೋವಾ ಮತ್ತು ಕೇರಳದ್ದು ತಲಾ 6, ಉಳಿದ 51 ಕೇಂದ್ರದ್ದು. ಅಂದರೆ ರಾಜ್ಯ ಸರ್ಕಾರ ಇಲ್ಲಿ ಮನವಿ ಕೊಡುವ ಸ್ಥಾನದಲ್ಲಿಲ್ಲ, ಮನೆಯ ಪಾಲುದಾರನ ಸ್ಥಾನದಲ್ಲಿದೆ. ಬೆಂಗಳೂರಿನ ಉಪನಗರ ರೈಲಿಗೆ ವೆಚ್ಚದ ಶೇ 20ರಷ್ಟನ್ನು ರಾಜ್ಯವೇ ಹೊರಲು ಒಪ್ಪಿದೆ. ನಮ್ಮ ಕರಾವಳಿಗೆ ಅದರಲ್ಲಿ ಒಂದು ಎಳೆಯಷ್ಟನ್ನು, ಎರಡು ಮೆಮು ಗಾಡಿಗಳ ಬೆಲೆಯನ್ನು, ಕೊಡಲು ಮುಂದೆ ಬಂದರೆ ನಿಗಮಕ್ಕೂ ಇಲ್ಲವೆನ್ನಲು ಕಾರಣ ಉಳಿಯದು. ಕೊಂಕಣ ರೈಲ್ವೆಯನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸುವ ಪ್ರಸ್ತಾವಕ್ಕೆ 2025ರಲ್ಲಿ ಮಹಾರಾಷ್ಟ್ರವೂ ಒಪ್ಪಿದ್ದರಿಂದ ಮುಂದೆ ಈ ಮಾರ್ಗ ಯಾವ ವಲಯಕ್ಕೆ ಸೇರುತ್ತದೆಂಬ ಚರ್ಚೆ ನಡೆದಿದೆ. ವಿಲೀನದ ಕಾಗದಪತ್ರಗಳು ಸಿದ್ಧವಾಗುವ ಹೊತ್ತಿಗೆ ಸ್ಥಳೀಯ ಸೇವೆಯ ಷರತ್ತೊಂದನ್ನು ಅದರಲ್ಲಿ ಬರೆಸುವುದು ಪಾಲುದಾರ ರಾಜ್ಯದ ಕೆಲಸ. ಸಹಿ ಆದ ಮೇಲೆ ಬರೆಸಲು ಹೋದರೆ ನಾವು ಮತ್ತೆ ಅರ್ಜಿದಾರರೇ.

ಈ ಜಿಲ್ಲೆ ಯೋಜನೆಗಳಿಗೆ ಹೊಸದಲ್ಲ. ಕಾಳಿಯ ಅಣೆಕಟ್ಟುಗಳಿಗೆ, ಕೈಗಾಕ್ಕೆ, ಸೀಬರ್ಡ್ ನೌಕಾನೆಲೆಗೆ, ಕೊನೆಗೆ ಇದೇ ರೈಲು ಮಾರ್ಗಕ್ಕೆ ಗದ್ದೆ, ತೋಟ, ಮನೆ ಬಿಟ್ಟುಕೊಟ್ಟವರು ಇಲ್ಲಿ ಊರೂರಿಗೂ ಇದ್ದಾರೆ. ಹುಬ್ಬಳ್ಳಿ–ಅಂಕೋಲಾ ಮಾರ್ಗದ ವಿಷಯದಲ್ಲಿ ಕಾಡು ಮುಖ್ಯವೋ ರೈಲು ಮುಖ್ಯವೋ ಎಂದು ನಮ್ಮ ನಮ್ಮಲ್ಲೇ ಜಗಳವಿದೆ, ನ್ಯಾಯಾಲಯಗಳಲ್ಲೂ ವಾದ ನಡೆದಿದೆ. ಆ ವಿವಾದವನ್ನು ಈ ಪತ್ರಕ್ಕೆ ಎಳೆದು ತರುವ ಇಚ್ಛೆ ನನಗಿಲ್ಲ. ನಾನು ಕೇಳುತ್ತಿರುವ ಗಾಡಿಗೆ ಒಂದು ಮರವನ್ನೂ ಕಡಿಯಬೇಕಾಗಿಲ್ಲ, ಒಂದು ಗುಂಟೆಯನ್ನೂ ಬಿಡಿಸಿಕೊಳ್ಳಬೇಕಾಗಿಲ್ಲ. ಕೊಟ್ಟ ಭೂಮಿಯ ಮೇಲೆ ಓಡುವ ಗಾಡಿ ಕೊಟ್ಟವರ ಮಕ್ಕಳಿಗೂ ನಿಲ್ಲಲಿ ಎಂದಷ್ಟೇ ಕೇಳುತ್ತಿದ್ದೇನೆ.

ಮುಂದಿನ ವೇಳಾಪಟ್ಟಿ ಪರಿಷ್ಕರಣೆಯಲ್ಲಿ ಆರು ತಿಂಗಳ ಪ್ರಯೋಗವಾಗಿ, ಭಟ್ಕಳದಿಂದ ಹೊರಟು ಬೆಳಿಗ್ಗೆ ಒಂಬತ್ತೂಕಾಲರೊಳಗೆ ಕಾರವಾರ ಮುಟ್ಟುವ ಒಂದು ಗಾಡಿಯನ್ನೂ, ಸಂಜೆ ಆರರ ಸುಮಾರಿಗೆ ಕಾರವಾರದಿಂದ ಹೊರಟು ಎಲ್ಲ ನಿಲ್ದಾಣಗಳಲ್ಲಿ ನಿಲ್ಲುತ್ತ ಭಟ್ಕಳಕ್ಕೆ ಮರಳುವ ಒಂದು ಗಾಡಿಯನ್ನೂ, ಮಧ್ಯಾಹ್ನ ಕಾಲೇಜು ಬಿಡುವ ಹೊತ್ತಿಗೆ ಇನ್ನೊಂದು ಸುತ್ತನ್ನೂ ಓಡಿಸಿ. ಬೆಳಗಿನ ಗಾಡಿಯನ್ನು ಮಡಗಾಂವದವರೆಗೆ ಮುಂದುವರಿಸಿದರೆ ಗೋವೆಯಲ್ಲಿ ದುಡಿಯುವ ನಮ್ಮ ಹುಡುಗರಿಗೂ ಉಪಯೋಗವಾದೀತು. ಮಳೆಗಾಲವನ್ನೂ ಬೇಸಿಗೆಯನ್ನೂ ಒಳಗೊಳ್ಳುವಂತೆ ಪ್ರಯೋಗವನ್ನು ಏಪ್ರಿಲ್‌ನಲ್ಲಿ ಆರಂಭಿಸುವುದು ಲೇಸು, ಏಕೆಂದರೆ ರಜೆಯ ತಿಂಗಳ ಲೆಕ್ಕವನ್ನಷ್ಟೇ ನೋಡಿದರೆ ಪ್ರಯಾಣಿಕರಿಲ್ಲವೆಂದು ಗಾಡಿಯನ್ನು ನಿಲ್ಲಿಸುವುದು ಬಹಳ ಸುಲಭ.

ಈ ಬಗ್ಗೆ ಬಳಕೆದಾರರ ಸಭೆ ಕರೆಯುವ ಮನಸ್ಸು ಮಾಡಿದರೆ ದಯವಿಟ್ಟು ಕಾರವಾರದಲ್ಲಿ ಕರೆಯಬೇಡಿ. ಕುಮಟಾ ನಿಲ್ದಾಣದಲ್ಲಿ, ಮಧ್ಯಾಹ್ನ ಹನ್ನೆರಡರ ಮೇಲೆ ಕರೆಯಿರಿ. ಭಟ್ಕಳದವರು ಆ ಹೊತ್ತಿಗೆ ಬಂದು ಮುಟ್ಟುತ್ತಾರೆ. ಕುರ್ಚಿ, ಚಹಾದ ವ್ಯವಸ್ಥೆ ನಾವು ನೋಡಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕುಮಟಾದ ಒಬ್ಬ ನಿವೃತ್ತ ಗುಮಾಸ್ತ